ಎರಡು ಹಿಮ್ಮಡಿಗಳ ಅಂತರ: ಮರಳಿ ವಾಲಿಬಾಲ್ ಅಂಕಣಕ್ಕೆ, ಏಳನೆಯ ವಾರ

ಬಲ ಮೊಣಕಾಲಿಗೆ ಎರಡನೆಯ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಏಳು ವಾರ. ಬೆಳಿಗ್ಗೆ ಮಂಚದ ಮೇಲೆ ಬೋರಲು ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗವನ್ನು ಮಂಚದ ಅಂಚಿನಾಚೆ ಇಳಿಬಿಟ್ಟಾಗ, ಬಲಗಾಲಿನ ಹಿಮ್ಮಡಿ ಎಡಗಾಲಿನದಕ್ಕಿಂತ 1 ಸೆಂಟಿಮೀಟರ್ ಮಾತ್ರ ಮೇಲಿತ್ತು. ಹೆಂಡತಿ ಮಗಳ ಜಾಮಿಟ್ರಿ ಬಾಕ್ಸಿನ ಅಳತೆಪಟ್ಟಿ ಹಿಡಿದು ಎರಡು ಸಲ ನೋಡಿ ಹೇಳಿದ ಲೆಕ್ಕವಿದು. ಮೊಣಕಾಲು ಪೂರ್ತಿ ನೆಟ್ಟಗಾಗದಿದ್ದರೆ ಆ ಕಾಲಿನ ಹಿಮ್ಮಡಿ ಮೇಲೆ ನಿಲ್ಲುತ್ತದೆ; ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಟ್ಟಗಾಗಲು ಹೆಚ್ಚುಕಡಿಮೆ ಒಂದು ಡಿಗ್ರಿ ಬಾಕಿ ಎಂದು ಹಿಡಿಯುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅಂತರ 7 ಸೆಂಟಿಮೀಟರ್ ಇತ್ತು.

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೆಟ್ ಬಳಿ ಸ್ಮ್ಯಾಶ್ ಹೊಡೆದು ನೆಲಕ್ಕಿಳಿಯುವಾಗ ಮೊಣಕಾಲು ತಿರುಚಿ ಎಸಿಎಲ್, ಅಂದರೆ ಕೀಲಿನೊಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್ (ಗಟ್ಟಿ ಪಟ್ಟಿ), ಹರಿಯಿತು. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು, ಅದರಿಂದ ಹರಿದ ಲಿಗಮೆಂಟಿನ ಜಾಗದಲ್ಲಿ ಹೊಸದನ್ನು ಕಟ್ಟಿದರು. ಆ ಕೆಲಸ ಚೆನ್ನಾಗಿಯೇ ಆಗಿತ್ತು. ತಪ್ಪು ನಡೆದದ್ದು ಮನೆಯಲ್ಲಿ, ಅದೂ ನನ್ನಿಂದಲೇ. ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡರೆ ನೋವು ಕಡಿಮೆ ಎನಿಸುತ್ತಿತ್ತಾದ್ದರಿಂದ, ಇಡಬಾರದೆಂದು ಫಿಸಿಯೋ ಸ್ಪಷ್ಟವಾಗಿ ಹೇಳಿದ್ದರೂ, ಮೊದಲ ಮೂರು ವಾರ ರಾತ್ರಿಯೆಲ್ಲ ಕಾಲನ್ನು ತುಸು ಮಡಚಿಕೊಂಡೇ ಮಲಗಿದೆ. ಆಮೇಲೆ ಕಾಲು ಪೂರ್ತಿ ನೆಟ್ಟಗಾಗದೆ ಉಳಿದದ್ದಕ್ಕೆ ದಿಂಬೊಂದೇ ಕಾರಣವೆಂದು ಹೇಳಲಾರೆ, ಆದರೆ ಅದು ನೆರವಾಗಲಿಲ್ಲ ಎಂಬುದು ಖಂಡಿತ.

ನೋಡಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಚಕ್ಕಳಮಕ್ಕಳ ಹಾಕಿ ಕೂರಲಿಕ್ಕೆ ಆಗುತ್ತದೆಯೆ?’ ನಮ್ಮ ಮನೆಗಳಲ್ಲಿ ಕಾಲು ಮಡಚುವುದೇ ಆರೋಗ್ಯದ ಪರೀಕ್ಷೆ. ನಾನೂ ನಾಲ್ಕು ತಿಂಗಳು ಮಡಚುವುದರ ಹಿಂದೆಯೇ ಬಿದ್ದಿದ್ದೆ. ಆದರೆ ಸಮತಟ್ಟಾದ ನೆಲದ ಮೇಲೆ ನಡೆಯಲು ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಹಿಮ್ಮಡಿ ನೆಲಕ್ಕೆ ತಾಗುವ ಹೊತ್ತಿಗೆ ಮಾತ್ರ ಕಾಲು ಬಹುಮಟ್ಟಿಗೆ ನೆಟ್ಟಗೆ ಆಗಿರಲೇಬೇಕು. ನೆಟ್ಟಗಾಗದ ಕಾಲಿನ ಮೇಲೆ ಸುಮ್ಮನೆ ನಿಂತರೂ ತೊಡೆಯ ಮುಂಭಾಗದ ಸ್ನಾಯು ಬಿಡುವಿಲ್ಲದೆ ದುಡಿಯಬೇಕಾಗುತ್ತದೆ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ, ನಡಿಗೆ ಕುಂಟುತ್ತದೆ. ನನಗೆ ಇವು ಮೂರೂ ಇದ್ದವು. ಜೊತೆಗೆ, ಕಾಲನ್ನು ಪೂರ್ತಿ ಚಾಚಲು ಹೋದಾಗಲೆಲ್ಲ ಕೀಲಿನ ಮುಂಭಾಗದಲ್ಲಿ ಏನೋ ಅಡ್ಡ ಸಿಕ್ಕಿ ‘ಟಕ್’ ಎನ್ನುತ್ತಿತ್ತು. ಬಾಗಿಲ ಸಂದಿಗೆ ಕಲ್ಲು ಸಿಕ್ಕಿಕೊಂಡ ಹಾಗೆ.

ಎಂಆರ್‌ಐಯಲ್ಲಿ ಆ ಕಲ್ಲು ಕಂಡಿತು. ಹೊಸ ಲಿಗಮೆಂಟಿನ ಮುಂದೆ ನಾರುನಾರಾದ ಗಾಯದ ಅಂಗಾಂಶ ಗಂಟಾಗಿ ಬೆಳೆದಿತ್ತು. ಇದನ್ನು ಸೈಕ್ಲೋಪ್ಸ್ ಗಂಟು ಎನ್ನುತ್ತಾರೆ. 1990ರಲ್ಲಿ ಜಾಕ್ಸನ್ ಮತ್ತು ಶೇಫರ್ ಎಂಬ ವೈದ್ಯರು ಈ ಹೆಸರಿಟ್ಟದ್ದು, ಕ್ಯಾಮೆರಾದಲ್ಲಿ ನೋಡಿದಾಗ ಗಂಟಿನ ಮೇಲಿನ ಕೆಂಪು-ನೀಲಿ ರಕ್ತನಾಳಗಳ ಮಚ್ಚೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಕಣ್ಣಿನಂತೆ ಕಾಣುತ್ತದೆಂಬ ಕಾರಣಕ್ಕೆ. ಇಂಥ ಗಂಟು ವ್ಯಾಯಾಮದಿಂದ ಕರಗುವುದಿಲ್ಲ; ಬಲವಂತವಾಗಿ ಒತ್ತಿದಷ್ಟೂ ಊತ ಹೆಚ್ಚುತ್ತದೆ, ಊತ ಇನ್ನಷ್ಟು ನಾರನ್ನು ಕರೆತರುತ್ತದೆ.

ಗಂಟನ್ನು ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆಯ ದಿನ ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಾಗಿಯೇ ಇದ್ದೆ; ಪರದೆಯನ್ನು ನನ್ನತ್ತ ತಿರುಗಿಸಿದ್ದರು. ಮಂಡಿಚಿಪ್ಪಿನ ಕೆಳಗೆ ಎರಡೂ ಬದಿಗೆ ಒಂದೊಂದು ಪುಟ್ಟ ಸೀಳು, ಒಂದರಲ್ಲಿ 4 ಮಿಲಿಮೀಟರ್ ದಪ್ಪದ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಕೀಲಿನೊಳಗೆ ಸಲೈನ್ ಹರಿಸಿ ಹಿಗ್ಗಿಸಿದಾಗ, ಮಂಡಿಚಿಪ್ಪಿನ ಮೇಲಿನ ಚೀಲದಲ್ಲಿ ಹಳೆಯ ಅಟ್ಟದ ಜೇಡರಬಲೆಯಂತೆ ಬಿಳಿ ಎಳೆಗಳು ಅಡ್ಡಡ್ಡ ಕಟ್ಟಿಕೊಂಡಿದ್ದವು. ಮೊದಲು ಅವುಗಳನ್ನು ಬಿಡಿಸಿದರು. ಆಮೇಲೆ ಗಂಟು ಬಂತು. ನುಣುಪಾಗಿ, ನೇರಳೆ ಹಣ್ಣಿಗಿಂತ ಚಿಕ್ಕದಾಗಿ. ತಿರುಗುವ ಶೇವರ್ ಅದನ್ನು ಚೂರುಚೂರಾಗಿ ಕೆರೆದು ಒಳಗೆಳೆದುಕೊಳ್ಳುವಾಗ, ಪಕ್ಕದಲ್ಲೇ ಇದ್ದ ಹೊಸ ಲಿಗಮೆಂಟಿಗೆ ತಾಗೀತೆಂದು ಉಸಿರು ಬಿಗಿಹಿಡಿದೆ. ಕೊನೆಯಲ್ಲಿ ವೈದ್ಯರು ಹಿಮ್ಮಡಿ ಎತ್ತಿ ಹಿಡಿದಾಗ ಕಾಲು ಎಡಗಾಲಿನಷ್ಟೇ ನೆಟ್ಟಗಾಯಿತು.

ಅದು ಮೇಜಿನ ಮೇಲಿನ ಅಳತೆ. ಅದನ್ನು ಮನೆಗೆ ತರುವುದೇ ಬೇರೆ ಕೆಲಸ. ಕೆರೆದ ಜಾಗದಲ್ಲಿ ಒಸರುವ ರಕ್ತ ಹೆಪ್ಪುಗಟ್ಟಿ ಅದರ ಮೇಲೆ ಮತ್ತೆ ನಾರು ಬೆಳೆಯಬಹುದಾದ್ದರಿಂದ, ಅದೇ ಸಂಜೆಯಿಂದಲೇ ವ್ಯಾಯಾಮ ಶುರು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್, ಮೊಣಕಾಲಿನ ಕೆಳಗೆ ಏನೂ ಇಲ್ಲ. ಹೀಗೆ ಹತ್ತು ನಿಮಿಷ, ದಿನಕ್ಕೆ ಆರು ಸಲ. ಬೆರಳುಗಳಿಂದ ಮಂಡಿಚಿಪ್ಪನ್ನು ನಾಲ್ಕೂ ದಿಕ್ಕಿಗೆ ಸರಿಸುವುದು, ತೊಡೆ ಬಿಗಿಮಾಡಿ ಮೊಣಕಾಲನ್ನು ಹಾಸಿಗೆಗೆ ಒತ್ತುವುದು, ನಂತರ ಐಸ್. ದಿಂಬನ್ನು ಹೆಂಡತಿ ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಮೂರನೆಯ ದಿನ ಊತದಿಂದಾಗಿ ಅಂತರ 3 ಸೆಂಟಿಮೀಟರ್. ಎರಡನೆಯ ವಾರ 2. ಮೂರನೆಯ ವಾರ ಸಂಬಂಧಿಕರ ಮದುವೆಗೆಂದು ಐದು ತಾಸು ಬಸ್ಸಿನಲ್ಲಿ ಕಾಲು ಮಡಚಿ ಕೂತು, ಅಲ್ಲಿ ದಿನವಿಡೀ ಓಡಾಡಿ ಬಂದದ್ದಕ್ಕೆ ಮೊಣಕಾಲು ಬಿಸಿಯಾಗಿ ಊದಿಕೊಂಡು, ಅಳತೆ 4ಕ್ಕೆ ಏರಿತು. ಗಂಟು ಮರಳಿತೇ ಎಂದು ಎರಡು ರಾತ್ರಿ ನಿದ್ದೆಯಿಲ್ಲ. ಹೆಚ್ಚು ಒತ್ತಿ ಸರಿಮಾಡಬೇಕೆಂದು ನಾನು ಹೊರಟಿದ್ದೆ. ಫಿಸಿಯೋ ಮಾತ್ರ ಎರಡು ದಿನ ವ್ಯಾಯಾಮವನ್ನು ತೀರಾ ಇಳಿಸಿ ಐಸ್ ಇಡಿಸಿದರು. ಊತ ಇಳಿದ ಮೇಲೆ ಐದನೆಯ ವಾರಕ್ಕೆ ಒಂದೂವರೆಗೆ ಬಂತು.

ಮಡಚುವುದು ಈಗ 128 ಡಿಗ್ರಿ. ಚಕ್ಕಳಮಕ್ಕಳ ಕೂತರೂ ಬಲ ಮೊಣಕಾಲು ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತದೆ. ಅದರ ಚಿಂತೆ ಸದ್ಯಕ್ಕಿಲ್ಲ. ‘ಟಕ್’ ಎಂಬ ಸದ್ದು ನಿಂತಿದೆ. ತೊಡೆಯ ಸುತ್ತಳತೆ ಎಡಗಾಲಿಗಿಂತ ಇನ್ನೂ 2 ಸೆಂಟಿಮೀಟರ್ ಕಡಿಮೆ. ನಿನ್ನೆ ಸಂಜೆ ಹಿತ್ತಿಲ ಗೋಡೆಗೆ ಚೆಂಡು ಹೊಡೆದು, ನಿಂತಲ್ಲೇ ನಿಂತು ನಲವತ್ತು ಅಂಡರ್‌ಹ್ಯಾಂಡ್ ಪಾಸ್ ಮಾಡಿದೆ. ಮೊದಲ ಶಸ್ತ್ರಚಿಕಿತ್ಸೆಗೆ ಒಂಬತ್ತು ತಿಂಗಳು ತುಂಬುವವರೆಗೆ ಜಿಗಿತದ ಮಾತೇ ಇಲ್ಲ. ಮುಂದಿನ ಅಳತೆ ಭಾನುವಾರ. ಮಗಳಿಗೆ ಗಣಿತದ ಪರೀಕ್ಷೆ ಇರುವುದರಿಂದ ಅಷ್ಟರೊಳಗೆ ನನ್ನದೇ ಒಂದು ಅಳತೆಪಟ್ಟಿ ಕೊಳ್ಳಬೇಕು.