ಎರಡನೆಯ ಸಲ ಬರೆದ ಹಲಗೆಗಳು

ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಉಪವಾಸ, ಪ್ರಾರ್ಥನೆಗಳಲ್ಲಿ ಕಳೆಯುವ ತಪಸ್ಸುಕಾಲ ಆರಂಭವಾಗುವುದು ಬೂದಿ ಬುಧವಾರದಂದು. ಅದಕ್ಕೆ ಮುಂಚಿನ ಭಾನುವಾರ ನಮ್ಮ ದೇವಾಲಯದ ಬಾಗಿಲ ಬಳಿ ಒಂದು ಬಿದಿರಿನ ಬುಟ್ಟಿ ಇಡುತ್ತಾರೆ. ಹಿಂದಿನ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದಂದು ಮನೆಗೆ ಒಯ್ದು ಶಿಲುಬೆಯ ಹಿಂದೆ ಸಿಕ್ಕಿಸಿದ್ದ ತೆಂಗಿನ ಗರಿಯನ್ನು ಅದಕ್ಕೆ ಹಾಕಿ ಬರಬೇಕು. ಅದನ್ನು ಸುಟ್ಟ ಬೂದಿಯೇ ಬುಧವಾರ ನಮ್ಮ ಹಣೆಗೆ ಬರುವುದು. ಈ ಸಲ ಎಳೆದು ತೆಗೆದಾಗ ಗರಿಯ ತುದಿ ಬೆರಳಲ್ಲೇ ಪುಡಿಯಾಯಿತು. ಅದರ ಪಕ್ಕದಲ್ಲೇ ತಗಡಿನ ಡಬ್ಬಿಯಿತ್ತು. ಕಳೆದ ತಪಸ್ಸುಕಾಲದಲ್ಲಿ ಮೀನು ಮಾಂಸ ಬಿಟ್ಟು ಉಳಿಸಿದ ಹಣವನ್ನು ಬಡವರಿಗೆ ಕೊಡುವೆನೆಂದು ಸಂಕಲ್ಪ ಮಾಡಿ ಆ ಡಬ್ಬಿಗೆ ಹಾಕುತ್ತಿದ್ದೆ. ಮೂರನೆಯ ವಾರ ಮನೆಖರ್ಚಿಗೆಂದು ತೆಗೆದವನು ಮತ್ತೆ ತುಂಬಿಸಲಿಲ್ಲ.

ಆ ರಾತ್ರಿ ಬೈಬಲಿನ ವಿಮೋಚನಕಾಂಡದ 32ನೆಯ ಅಧ್ಯಾಯ ತೆರೆದೆ. ಇಸ್ರಯೇಲರ ನಾಯಕ ಮೋಶೆ ದೇವರ ಬಳಿ ಬೆಟ್ಟದ ಮೇಲೆ 40 ದಿನ ಇದ್ದಾಗ, ಕೆಳಗೆ ಆ ಜನರು ಕಿವಿಯ ಚಿನ್ನದ ಓಲೆಗಳನ್ನು ಬಿಚ್ಚಿ ಅವನ ಅಣ್ಣ ಆರೋನನ ಕೈಗೆ ಕೊಟ್ಟು ಹೋರಿಕರುವಿನ ವಿಗ್ರಹ ಮಾಡಿಸಿಕೊಂಡರು. ಈಜಿಪ್ಟಿನ ದಾಸ್ಯದಿಂದ ಬಿಡಿಸಿದ ದೇವರು ಇದೇ ಎಂದು ಅದರ ಮುಂದೆ ಕುಣಿದರು. ಇಳಿದು ಬಂದ ಮೋಶೆ ದೇವರೇ ತಮ್ಮ ಆಜ್ಞೆಗಳನ್ನು ಬರೆದಿದ್ದ ಕಲ್ಲಿನ ಹಲಗೆಗಳನ್ನು ಬೆಟ್ಟದ ಬುಡದಲ್ಲಿ ಒಡೆದುಹಾಕಿದನು. ಇದನ್ನು ಹಗುರವಾಗಿ ಓದಬಾರದು: ಆ ಪಾಪಕ್ಕೆ ಶಿಕ್ಷೆಯಾಗಿ ಅಂದು ಸುಮಾರು 3,000 ಮಂದಿ ಸತ್ತರು. ದೇವರ ನಂಬಿಕಸ್ತಿಕೆಯೆಂದರೆ ಪಾಪವನ್ನು ಕಂಡೂ ಕಾಣದಂತೆ ಇರುವುದು ಎಂದು ನಾನು ತಿಳಿದಿಲ್ಲ.

ಆದರೆ ನನ್ನನ್ನು ತಡೆದು ನಿಲ್ಲಿಸುವುದು 34ನೆಯ ಅಧ್ಯಾಯ. ಮೊದಲಿನಂಥವೇ ಎರಡು ಹಲಗೆಗಳನ್ನು ಕೆತ್ತಿಕೊಂಡು ಬಾ, ನೀನು ಒಡೆದ ಹಲಗೆಗಳ ಮೇಲಿದ್ದ ಮಾತುಗಳನ್ನೇ ಇವುಗಳ ಮೇಲೂ ಬರೆಯುವೆನು ಎಂದು ದೇವರು ಮೋಶೆಗೆ ಹೇಳುತ್ತಾರೆ. ಜನರ ಯೋಗ್ಯತೆ ಇಷ್ಟೇ ಎಂದು ಆಜ್ಞೆಗಳನ್ನು ಸಡಿಲಿಸಲಿಲ್ಲ, ಮುನಿಸಿನಿಂದ ಕಠಿಣಗೊಳಿಸಲೂ ಇಲ್ಲ. ಆ ಬೆಟ್ಟದ ಮೇಲೆಯೇ, ತಾನು ಕನಿಕರವೂ ದಯೆಯೂ ಉಳ್ಳವನು, ದೀರ್ಘಶಾಂತನು, ಪ್ರೀತಿಯೂ ನಂಬಿಕೆಯೂ ತುಂಬಿದವನು ಎಂದು ತಮ್ಮ ಹೆಸರನ್ನು ತಾವೇ ಸಾರಿಕೊಂಡರು.

ಶತಮಾನಗಳ ನಂತರ, ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನ ಕಾಲದಲ್ಲಿ, ಇದೇ ಜನರ ಸಂತತಿಯವರು ಉಪವಾಸವಿದ್ದು, ಗೋಣಿತಟ್ಟು ಉಟ್ಟು, ತಲೆಯ ಮೇಲೆ ಮಣ್ಣು ಹಾಕಿಕೊಂಡು ಜೆರುಸಲೇಮಿನಲ್ಲಿ ಕೂಡಿದರು. ಪೂರ್ವಿಕರ ಹೋರಿಕರುವನ್ನು ಅವರು ಮುಚ್ಚಿಡಲಿಲ್ಲ. ಅದನ್ನು ಹೇಳಿದ ಬಾಯಿಯಲ್ಲೇ, ಆಗಲೂ ನೀವು ಅವರನ್ನು ಮರುಭೂಮಿಯಲ್ಲಿ ಕೈಬಿಡಲಿಲ್ಲ, ಹಗಲಿನ ಮೇಘಸ್ತಂಭವೂ ಇರುಳಿನ ಅಗ್ನಿಸ್ತಂಭವೂ ಅಗಲಲಿಲ್ಲ, ಆಕಾಶದಿಂದ ಸುರಿಸಿದ ಆಹಾರವಾದ ಮನ್ನವನ್ನು ನಿಲ್ಲಿಸಲಿಲ್ಲ, 40 ವರ್ಷ ಅವರ ಬಟ್ಟೆ ಸವೆಯಲಿಲ್ಲ, ಕಾಲು ಬಾತುಕೊಳ್ಳಲಿಲ್ಲ ಎಂದು ನೆನೆದರು. ವಿಗ್ರಹಕ್ಕೆ ಅಡ್ಡಬಿದ್ದ ಜನರ ಪಾಳೆಯದ ಸುತ್ತಲೂ ಕೊತ್ತಂಬರಿ ಬೀಜದಂಥ ಬಿಳಿಯ ಮನ್ನ ಬೆಳಗಿನ ಇಬ್ಬನಿಯೊಂದಿಗೆ ಮತ್ತೆ ಬಿದ್ದಿರಬೇಕು. ಬಾಗಿ ಅದನ್ನು ಆಯ್ದುಕೊಂಡವರ ಕಿವಿಯಲ್ಲಿ ಓಲೆ ಇರಲಿಲ್ಲ.

ಬುಧವಾರ ಡಬ್ಬಿಗೆ ಹಣ ತುಂಬಿಸಿಕೊಂಡೇ ಹೋದೆ. ಸಾಲಿನಲ್ಲಿ ನನ್ನ ಸರದಿ ಬಂದಾಗ ಗುರುಗಳು ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಎಳೆದರು. ಕಳೆದ ವರ್ಷದ ಗರಿ ಒಂದಷ್ಟು ಮೂಗಿನ ಮೇಲೂ ಉದುರಿತು. ಸ್ವಲ್ಪ ಹೊತ್ತಿನ ನಂತರ ಅದೇ ಸಾಲಿನಲ್ಲಿ ಮತ್ತೆ ನಿಂತೆ. ಬೂದಿಯನ್ನು ಒರೆಸಿಕೊಂಡಿರಲಿಲ್ಲ. ಚಾಚಿದ ಅಂಗೈಗೆ ಪರಮಪ್ರಸಾದ, ಕ್ರಿಸ್ತನ ಶರೀರವೆಂದು ನಾವು ಸ್ವೀಕರಿಸುವ ರೊಟ್ಟಿ, ಬಂತು.