ಮೂರನೇ ಕಂಬಿ ಯಾಕೋ ಅಂತ ಅಪ್ಪ ಕೇಳಿದ್ರು

ಹೋದ ತಿಂಗಳು ಬೇಸ್‌ಮೆಂಟಿಂದ ಅಪ್ಪಂಗೆ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ ನನ್ನ ಆಟಿಕೆ ರೈಲು ತೋರಿಸ್ದೆ. ಅಪ್ಪ ಮೈಸೂರು ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ದೋರು, ರಿಟೈರ್ ಆಗಿ ಹದಿನೈದು ವರ್ಷ ಆಯ್ತು. ಎಂಜಿನ್ ಹೊಗೆ ಬಿಡ್ತಾ ಇದೆ, ವಿಷಲ್ ಹೊಡೀತಾ ಇದೆ, ನಾನು ಖುಷೀಲಿ ಫೋನ್ ಹಿಡ್ಕೊಂಡು ರೈಲಿನ ಹಿಂದೆ ಓಡ್ತಾ ಇದೀನಿ, ಅವರು ಅದ್ಯಾವುದೂ ನೋಡ್ಲಿಲ್ಲ. "ಏನೋ ಇದು, ಮೂರು ಕಂಬಿ ಹಾಕಿದಾರೆ? ಮೀಟರ್ ಗೇಜು ಬ್ರಾಡ್ ಗೇಜು ಎರಡೂ ಓಡ್ಲಿ ಅಂತ ಹಾಕ್ತಾರಲ್ಲ ಆ ಥರಾನಾ? ಅದ್ರಲ್ಲೂ ಮೂರನೇದು ಒಂದು ಪಕ್ಕಕ್ಕೆ ಬರುತ್ತೆ ಕಣೋ, ನಟ್ಟನಡುವೆ ಬರಲ್ಲ" ಅಂದ್ರು.

ಈ ಪ್ರಶ್ನೆ ನಮ್ಮನೆಗೆ ಬರೋ ಎಲ್ಲರೂ ಕೇಳ್ತಾರೆ, ಅದಕ್ಕೇ ಒಂದ್ಸಲ ಬರೆದು ಹಾಕ್ಬಿಡೋಣ ಅಂತ.

ನನ್ನ ಹತ್ರ ಇರೋದು ಲಯೋನೆಲ್ ರೈಲು, ಅಮೆರಿಕದ ಹಳೇ ಕಂಪನಿಯೊಂದರ ಕರೆಂಟಲ್ಲಿ ಓಡೋ ಆಟಿಕೆ ರೈಲು. ನಾವು ಇರೋದು ನ್ಯೂಜೆರ್ಸಿಯ ಎಡಿಸನ್ ಹತ್ರ. ಇಲ್ಲಿಂದ ಅರ್ಧ ಗಂಟೆ ದಾರಿ, ಹಿಲ್‌ಸೈಡ್ ಇರ್ವಿಂಗ್ಟನ್ ಕಡೆ ಒಂದು ಕಾಲಕ್ಕೆ ಲಯೋನೆಲ್ ಫ್ಯಾಕ್ಟರಿ ಇತ್ತು, ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆದ್ಮೇಲೆ ಗೊತ್ತಾಯ್ತು ಅದು. ಕಂಪನಿ ಶುರು ಮಾಡಿದ್ದು ಜೋಶುವಾ ಲಯೋನೆಲ್ ಕೋವೆನ್, 1900ರಲ್ಲಿ, ನ್ಯೂಯಾರ್ಕಲ್ಲಿ. ಮೊದಲನೇ ರೈಲು ಮಕ್ಕಳ ಆಟಕ್ಕೇ ಅಲ್ಲ, ಅಂಗಡಿ ಕಿಟಕೀಲಿ ಓಡ್ತಾ ಇದ್ರೆ ಜನ ನಿಂತು ನೋಡ್ತಾರೆ ಅಂತ ಮಾಡಿದ್ದು. ಜನ ನಿಂತ್ರು, ಆದ್ರೆ ಕಿಟಕೀಲಿದ್ದ ಸಾಮಾನು ಬಿಟ್ಟು ಆ ರೈಲನ್ನೇ ಕೊಡಿ ಅಂದ್ರಂತೆ! 1906ರ ಹೊತ್ತಿಗೆ ಮೂರು ಕಂಬಿ ಬಂತು, ಆಮೇಲೆ ಸಣ್ಣ ಸೈಜಿನ ಓ ಗೇಜು ಬಂತು, ಹೊರಗಿನ ಎರಡು ಕಂಬಿ ನಡುವೆ ಒಂದೂಕಾಲು ಇಂಚು.

ಸರಿ, ಯಾಕೆ ಮೂರು? ನಡುವಿನ ಕಂಬೀಲಿ ಕರೆಂಟ್ ಬರುತ್ತೆ, ಎಂಜಿನ್ ಹೊಟ್ಟೆ ಕೆಳಗೆ ಇರೋ ಪುಟ್ಟ ರೋಲರ್ ಅದನ್ನ ಎತ್ಕೊಳ್ಳುತ್ತೆ, ಮೋಟಾರ್ ದಾಟಿ ಚಕ್ರದ ಮೂಲಕ ಹೊರಗಿನ ಎರಡೂ ಕಂಬಿಗೆ ವಾಪಸ್ ಹೋಗುತ್ತೆ. ಅಷ್ಟೇ. ಎರಡೇ ಕಂಬಿ ಇದ್ರೆ ಒಂದು ಪ್ಲಸ್ಸು ಒಂದು ಮೈನಸ್ಸು ಆಗ್ಬೇಕು, ಆವಾಗ ರೈಲು ಲೂಪ್ ಹೊಡೆದು ಬಂದ ದಾರೀಗೇ ತಿರುಗಿ ಸೇರ್ಬೇಕು ಅಂದ್ರೆ ಎಡಗಡೆ ಕಂಬಿ ಹೋಗಿ ಬಲಗಡೆ ಕಂಬಿಗೆ ಮುಟ್ಟಿ ಶಾರ್ಟ್ ಆಗುತ್ತೆ, ಅದಕ್ಕೆ ಬೇರೆ ವೈರಿಂಗ್ ಬೇರೆ ಸ್ವಿಚ್ಚು ಅಂತ ತಲೆನೋವು. ಇಲ್ಲಿ ಹೆಂಗೆ ತಿರುಗಿಸಿದ್ರೂ ನಡುವಿನದು ನಡುವೇನೇ ಇರುತ್ತೆ! ಏಳು ವರ್ಷದ ಹುಡುಗ ಕಾರ್ಪೆಟ್ ಮೇಲೆ ಹೆಂಗಂದ್ರೆ ಹಂಗೆ ಕಂಬಿ ಜೋಡಿಸಿದ್ರೂ ಓಡ್ಬೇಕು, ಅಷ್ಟೇ ಲೆಕ್ಕ. ನೋಡೋಕೆ ಚೆನ್ನಾಗಿಲ್ಲ ಅಂತ ಎರಡು ಕಂಬಿ ಮಾಡೆಲ್ ರೈಲ್ವೆಯೋರು ಮೂಗು ಮುರೀತಾರೆ, ಮುರೀಲಿ ಬಿಡಿ.

ನನಗೆ ಇದೆಲ್ಲ ಸಿಕ್ಕಿದ್ದು ಪಕ್ಕದ ಬೀದೀಲಿ ಒಂದು ಎಸ್ಟೇಟ್ ಸೇಲಲ್ಲಿ. ಅಜ್ಜ ಒಬ್ರು ತೀರ್ಕೊಂಡಿದ್ರು, ಮಕ್ಕಳು ಮನೆ ಖಾಲಿ ಮಾಡ್ತಾ ಇದ್ರು. ನಾನು ಹೋಗಿದ್ದು ಏಣಿ ತಗೊಳೋಣ ಅಂತ. ಒಂದು ರಟ್ಟಿನ ಡಬ್ಬೀಲಿ ಹಳೇ ನ್ಯೂಸ್‌ಪೇಪರ್ ಸುತ್ತಿ 2037 ನಂಬರಿನ ಎಂಜಿನ್ನು, ಅದರ ಹಿಂದೆ ಬರೋ ಕಲ್ಲಿದ್ದಲು ಡಬ್ಬಿ ಅಂದ್ರೆ ಟೆಂಡರ್ರು, ಹಾಲಿನ ವ್ಯಾಗನ್ನು, ತುಕ್ಕು ಹಿಡಿದ ಇಪ್ಪತ್ತು ಮೂವತ್ತು ತುಂಡು ಕಂಬಿ, 1033 ಅನ್ನೋ 90 ವಾಟ್ ಟ್ರಾನ್ಸ್‌ಫಾರ್ಮರ್ರು. ಏಣಿ ಬಿಟ್ಟು ಡಬ್ಬಿ ಹೊತ್ಕೊಂಡು ಬಂದೆ. ಏಣಿ ಇವತ್ತಿಗೂ ತಗೊಂಡಿಲ್ಲ.

2037 ಅಂದ್ರೆ ಭಾರಿ ಅಪರೂಪದ್ದೇನಲ್ಲ, 1953ರಲ್ಲಿ ಬಂದ ಮಾಡೆಲ್ಲು, ಮನೆಮನೇಲೂ ಇದ್ದ ಎಂಜಿನ್ನು. ಲಯೋನೆಲ್ ಉತ್ತುಂಗದಲ್ಲಿದ್ದ ವರ್ಷ ಅದು. ಅದಾದ ಆರೇ ವರ್ಷಕ್ಕೆ ಕೋವೆನ್ ತನ್ನ ಪಾಲು ಮಾರಿ ಹೊರಗೆ ಬಂದ್ರು, 1969ರಲ್ಲಿ ರೈಲು ಮಾಡೋ ಹಕ್ಕು ಜನರಲ್ ಮಿಲ್ಸ್‌ಗೆ ಹೋಯ್ತು, ಚೀರಿಯೋಸ್ ಅನ್ನೋ ಬೆಳಗಿನ ತಿಂಡಿ ಮಾಡ್ತಾರಲ್ಲ ಅವರೇ. ಈ ಚೀರಿಯೋಸ್ ನೆನಪಲ್ಲಿ ಇಟ್ಕೊಳಿ, ಮುಂದೆ ಬರುತ್ತೆ.

ಮನೆಗೆ ತಂದ ದಿನಾನೇ ಪ್ಲಗ್ ಹಾಕ್ಬಿಡೋ ಆಸೆ. ಹಾಕ್ಲಿಲ್ಲ, ಬಚಾವಾದೆ. ಟ್ರಾನ್ಸ್‌ಫಾರ್ಮರ್ ವೈರ್ ಬಗ್ಗಿಸಿದ ಕೂಡಲೇ ಮೇಲಿನ ರಬ್ಬರ್ ಕೋಡುಬಳೆ ಥರ ಚಟಕ್ ಅಂತ ಮುರಿದು ಒಳಗಿನ ತಾಮ್ರ ಕಾಣಿಸ್ತು, ಇಲ್ಲಿ ಗೋಡೇಲಿ ಬರೋದು 120 ವೋಲ್ಟು. ಹಳೇ ರೈಲು ಯಾರಾದ್ರೂ ತಗೊಂಡ್ರೆ ಮೊದಲು ಆ ವೈರ್ ಬದಲಾಯಿಸಿ, ಆಮೇಲೆ ಮಿಕ್ಕಿದ್ದು.

ವೈರ್ ಹಾಕಿ ಕರೆಂಟ್ ಕೊಟ್ಟೆ. ಎಂಜಿನ್ ಜೇನುಹುಳದ ಥರ ಝುಂಯ್ ಅಂತು, ಕದಲ್ಲಿಲ್ಲ. ಇದು ಇ-ಯೂನಿಟ್ ಅನ್ನೋ ಸಾಮಾನಿನ ಕಾಯಿಲೆ. ಲಯೋನೆಲ್ ಓಡೋದು ಎಸಿ ಕರೆಂಟಲ್ಲಿ, ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿ ಹಿಂದೆ ಓಡ್ಸೋಕೆ ಆಗಲ್ಲ, ಅದಕ್ಕೆ ಬಾಯ್ಲರ್ ಒಳಗೇ ಒಂದು ಗೇರು ಬದಲಾಯಿಸೋ ಯಂತ್ರ ಕೂರಿಸಿದಾರೆ. ಕರೆಂಟ್ ಒಂದ್ಸಲ ತೆಗೆದು ಹಾಕಿದ್ರೆ ಕಾಯಿಲ್ ಒಳಗಿನ ಕಡ್ಡಿ ಟಕ್ ಅಂತ ಮೇಲೆ ಹೋಗುತ್ತೆ, ಅದಕ್ಕೆ ಸಿಕ್ಕಿಸಿರೋ ಕೊಕ್ಕೆ ಕಡ್ಲೆಕಾಯಿ ಗಾತ್ರದ ಒಂದು ಉರುಳೇನ ಒಂದು ಹಲ್ಲು ತಿರುಗಿಸುತ್ತೆ, ಉರುಳೆ ಮೇಲೆ ತಾಮ್ರದ ಪಟ್ಟಿ, ಪಟ್ಟಿಗೆ ತಾಗಿಕೊಂಡು ತೆಳ್ಳನೆ ಬೆರಳುಗಳು. ಮುಂದೆ, ನಿಲ್ಲು, ಹಿಂದೆ, ನಿಲ್ಲು, ಹಿಂಗೇ ಸುತ್ತು. ಕಾಯಿಲ್ ಎಸಿಗೆ ನಡುಗುತ್ತಲ್ಲ, ಆ ಝುಂಯ್ ಅದೇ, ಅದು ಚೆನ್ನಾಗಿರೋ ಎಂಜಿನಲ್ಲೂ ಇರುತ್ತೆ. ನನ್ನದರಲ್ಲಿ ಹಿಂದಿನೋರು ಯಾರೋ ಪುಣ್ಯಾತ್ಮರು ಉರುಳೆಗೆ ಎಣ್ಣೆ ಬಿಟ್ಟಿದ್ರು, ಅದು ಎಪ್ಪತ್ತು ವರ್ಷದಲ್ಲಿ ಹಲಸಿನ ಮೇಣದ ಥರ ಆಗಿತ್ತು. ಇ-ಯೂನಿಟ್‌ಗೆ ಎಣ್ಣೆ ಹಾಕ್ಲೇಬಾರದು. ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸಿ ಒರೆಸಿ ಎರಡು ರಾತ್ರಿ ಕಳೀತು, ಆದ್ರೂ ಮುಂದಕ್ಕೆ ಹೋಗ್ತಿತ್ತೇ ಹೊರತು ಹಿಂದಕ್ಕಿಲ್ಲ. ಟಾರ್ಚ್ ಹಾಕಿ ನೋಡಿದ್ರೆ ಒಂದು ಬೆರಳು ಕೂದಲೆಳೆಯಷ್ಟು ಮೇಲೆದ್ದಿತ್ತು, ಪಟ್ಟಿಗೆ ಮುಟ್ತಾನೇ ಇರ್ಲಿಲ್ಲ. ಹೊಲಿಗೆ ಸೂಜೀಲಿ ಮೆಲ್ಲಗೆ ಬಗ್ಗಿಸಿದೆ, ಉಸಿರು ಬಿಗಿ ಹಿಡ್ಕೊಂಡು, ಯಾಕಂದ್ರೆ ಅದು ಮುರಿದ್ರೆ ಪೂರಾ ಬಿಚ್ಚಿ ಹೊಸ ಬೆರಳಿನ ಪ್ಲೇಟೇ ಹಾಕ್ಬೇಕು. ರಾತ್ರಿ ಒಂದೂವರೆಗೆ ಎಂಜಿನ್ ಹಿಂದಕ್ಕೆ ಹೋಯ್ತು. ಎಬ್ಬಿಸಿ ತೋರಿಸೋಣ ಅಂದ್ರೆ ಯಾರೂ ಎದ್ದೇಳಲ್ಲ ಅಂದ್ರು.

ಮೋಟಾರ್ ಮಾತ್ರ ಅಪ್ಪ ಹೇಳಿಕೊಟ್ಟಂಗೆ ಮಾಡಿದ್ದು. ಅದ್ರಲ್ಲಿ ತಿರುಗೋ ತಾಮ್ರದ ಭಾಗ ಕಾಮ್ಯುಟೇಟರ್, ಅದಕ್ಕೆ ಒತ್ತಿಕೊಂಡು ಕರೆಂಟ್ ಕೊಡೋದು ಬ್ರಷ್ಷು. "ಕಾಮ್ಯುಟೇಟರ್ ಸಂದೀಲಿ ಕಾರ್ಬನ್ ಪುಡಿ ಕೂತಿರುತ್ತೆ, ಹಲ್ಲುಕಡ್ಡೀಲಿ ತೆಗಿ, ಬ್ಲೇಡ್ ಹಾಕ್ಬೇಡ, ಗೀರು ಬಿತ್ತು ಅಂದ್ರೆ ಬ್ರಷ್ಷು ತಿಂದಾಕ್ಬಿಡುತ್ತೆ." ಅವರು ಈ ಸೈಜಿನ ಮೋಟಾರ್ ಜನ್ಮದಲ್ಲಿ ಮುಟ್ಟಿಲ್ಲ, ಆದ್ರೂ ಹೇಳಿದ್ದು ಹೇಳಿದಂಗೇ ಇತ್ತು.

ಮಾಡಬಾರದ್ದೂ ಮಾಡಿದೀನಿ, ಅದನ್ನೂ ಬರೀತೀನಿ. ಕಂಬಿ ತುಕ್ಕು ತೆಗೆಯೋಕೆ ಸ್ಟೀಲ್ ವುಲ್ಲಲ್ಲಿ ತಿಕ್ಕಿದೆ, ಪಳಪಳ ಅಂತು, ರೈಲು ಎರಡು ಸುತ್ತು ಓಡಿ ನಿಂತ್ಕೊಳ್ತು. ವಿಷ್ಯ ಏನಂದ್ರೆ 1950ರಿಂದ ಲಯೋನೆಲ್ ಎಂಜಿನ್‌ಗಳಲ್ಲಿ ಮ್ಯಾಗ್ನೆಟ್ರಾಕ್ಷನ್ ಅಂತ ಅಯಸ್ಕಾಂತ ಇಟ್ಟಿರ್ತಾರೆ, ಚಕ್ರ ಕಬ್ಬಿಣದ ಕಂಬೀನ ಕಚ್ಚಿ ಹಿಡೀಲಿ ಜಾರದೇ ಇರ್ಲಿ ಅಂತ. ಸ್ಟೀಲ್ ವುಲ್ಲಿನ ಪುಡಿಯೆಲ್ಲ ಅದಕ್ಕೇ ಅಂಟ್ಕೊಂಡು ಚಕ್ರಕ್ಕೆ ಗಡ್ಡ ಬಂದಂಗಾಗಿತ್ತು, ಒಳಗೆ ಮೋಟಾರಿಗೂ ಹೋಗಿತ್ತು. ಪೂರಾ ಮತ್ತೆ ಬಿಚ್ಚಿದೆ. ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ಇದ್ಯಲ್ಲ, ಅದು ಸಾಕು.

ಇನ್ನೊಂದು, ಆಮೇಲೆ ತಗೊಂಡ ಒಂದು ಗೂಡ್ಸ್ ಡಬ್ಬಿಗೆ ಹೊಸ ಕಪ್ಪು ಪೇಂಟ್ ಹೊಡೆದೆ. ಟ್ರೈನ್ ಶೋಗೆ ತಗೊಂಡು ಹೋದ್ರೆ ಅಲ್ಲಿದ್ದ ಅಜ್ಜ ಒಬ್ರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಏನೂ ಹೇಳದೆ ಮೇಜಿನ ಮೇಲೆ ಇಟ್ಬಿಟ್ರು. ಬೈದಿದ್ರೆ ಚೆನ್ನಾಗಿತ್ತು. ಅಕ್ಷರಗಳು ಫ್ಯಾಕ್ಟರೀಲಿ ಒತ್ತಿದ್ದು, ಅದರ ಮೇಲೆ ನಾನು ಸ್ಪ್ರೇ ಹೊಡೆದಿದ್ದೆ. ಅವತ್ತಿಂದ ಎಂಜಿನ್ ಮೇಲಿನ ಗೀರು ಮುಟ್ಟಿಲ್ಲ, ಕ್ಯಾಬ್ ಮೂಲೇಲಿ ಯಾವುದೋ ಮಗು ಬೀಳಿಸಿ ಪೇಂಟ್ ಎದ್ದಿರೋದೂ ಹಂಗೇ ಇದೆ. ಓಡ್ಬೇಕು, ಬೆಂಕಿ ಹತ್ಕೋಬಾರದು, ಅಷ್ಟು ಮಾತ್ರ ನನ್ನ ಕೆಲಸ.

ಈಗ ಲೇಔಟ್. ನಾಲ್ಕಡಿ ಎಂಟಡಿ ಪ್ಲೈವುಡ್ ಹಲಗೆ, ಅದರ ಮೇಲೆ ಹೋಮಸೋಟ್ ಹಾಳೆ, ಹಳೇ ಪೇಪರ್ ಅರೆದು ಮಾಡೋ ಬೂದು ಬಣ್ಣದ ದಪ್ಪ ರಟ್ಟು, ಅದೂ ಇಲ್ಲೇ ನ್ಯೂಜೆರ್ಸೀದೇ. ಅದಿಲ್ಲ ಅಂದ್ರೆ ತಗಡಿನ ಕಂಬಿ ಸದ್ದಿಗೆ ಮೇಲೆ ಮಲಗಿರೋರು ಇಳಿದು ಬರ್ತಾರೆ. ಎಂಟು ತುಂಡು ಬಾಗಿದ ಕಂಬಿ ಸೇರಿದ್ರೆ 31 ಇಂಚಿನ ಒಂದು ವೃತ್ತ, ಅದನ್ನ ಎಳೆದು ಮೊಟ್ಟೆ ಆಕಾರ ಮಾಡಿ, ಒಳಗೆ ಓರೆಯಾಗಿ ಒಂದು ದಾರಿ, ಎರಡು ತುದೀಲಿ 022 ನಂಬರಿನ ಸ್ವಿಚ್ಚು, ಅಂದ್ರೆ ರೈಲನ್ನ ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸೋ ಕಂಬಿ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಗೇಟ್‌ಮ್ಯಾನ್. ಪುಟ್ಟ ಗೂಡಿನ ಮನೆ, ರೈಲು ಹತ್ರ ಬಂದ್ರೆ ಬಾಗಿಲು ತೆಗೆದು ಲಾಟೀನು ಹಿಡ್ಕೊಂಡು ಒಬ್ಬ ಹೊರಗೆ ಬರ್ತಾನೆ, ರೈಲು ಹೋದ್ಮೇಲೆ ಒಳಗೆ ಹೋಗ್ತಾನೆ. ಸೆನ್ಸರ್ ಗಿನ್ಸರ್ ಏನೂ ಇಲ್ಲ! ಹೊರಗಿನ ಎರಡು ಕಂಬೀನೂ ಕರೆಂಟ್ ವಾಪಸ್ ಹೋಗೋ ದಾರಿ ತಾನೇ, ಅದ್ರಲ್ಲಿ ಒಂದನ್ನ ಸ್ವಲ್ಪ ದೂರ ಮಿಕ್ಕಿದ್ದಕ್ಕೆ ಕರೆಂಟ್ ತಾಗದಂಗೆ ಬೇರೆ ಮಾಡಿ ಗೇಟ್‌ಮ್ಯಾನ್ ವೈರ್ ಅದಕ್ಕೆ ಕೊಟ್ರೆ, ರೈಲು ಅಲ್ಲಿಗೆ ಬಂದಾಗ ಚಕ್ರ ಮತ್ತು ಆಕ್ಸಲ್ಲು ಆಚೆ ಕಂಬಿಗೂ ಈಚೆ ಕಂಬಿಗೂ ಸೇತುವೆ ಆಗುತ್ತೆ, ಗೇಟ್‌ಮ್ಯಾನ್ ಕಾಯಿಲ್‌ಗೆ ಕರೆಂಟ್ ಹೋಗುತ್ತೆ. ರೈಲೇ ಸ್ವಿಚ್ಚು. ಎರಡು ಕಂಬೀಲಿ ಇದು ಇಷ್ಟು ಸುಲಭಕ್ಕೆ ಆಗಲ್ಲ. 022 ಸ್ವಿಚ್ಚೂ ಇದೇ ಉಪಾಯದಲ್ಲಿ ರೈಲು ತಪ್ಪು ಕಡೆಯಿಂದ ಬಂದ್ರೆ ತಾನೇ ಸರಿ ಮಾಡ್ಕೊಂಡು ದಾರಿ ಬಿಡುತ್ತೆ.

ಬೇರೆ ಮಾಡೋದು ಅಂದ್ರೆ ಸ್ಲೀಪರ್ ತಗಡಿನ ಹಿಡಿ ಮೆಲ್ಲಗೆ ಎಬ್ಬಿಸಿ ಕಂಬಿ ತೆಗೆದು, ನಡುವೆ ರಟ್ಟಿನ ಚೂರು ಇಟ್ಟು, ಮತ್ತೆ ಒತ್ತಿ, ಎರಡೂ ತುದೀಗೆ ಕಬ್ಬಿಣದ ಪಿನ್ ಬದಲು ಫೈಬರ್ ಪಿನ್ ಹಾಕೋದು. ನಾನು ಕೈಗೆ ಸಿಕ್ತು ಅಂತ ಒಂದು ಹಳೇ ಲಗ್ನಪತ್ರಿಕೆ ಕತ್ತರಿಸಿ ಇಟ್ಟೆ, ಒಳ್ಳೇ ದಪ್ಪ ಕಾರ್ಡು. ಕರೆಂಟ್ ಕೊಟ್ಟ ತಕ್ಷಣ ಗೇಟ್‌ಮ್ಯಾನ್ ಹೊರಗೆ ಬಂದ. ರೈಲು ಇನ್ನೂ ಆ ಕಡೆ ಮೂಲೇಲಿದೆ. ರೈಲು ಬಂತು, ಹೋಯ್ತು, ಇವನು ಒಳಗೆ ಹೋಗ್ತಾನೇ ಇಲ್ಲ, ಮಗಳನ್ನ ಕಾಯ್ತಾ ಬಾಗಿಲಲ್ಲಿ ನಿಂತಿರೋ ಅಪ್ಪನ ಥರ ನಿಂತೇ ಇದಾನೆ, ಗೂಡು ಮುಟ್ಟಿದ್ರೆ ಬಿಸಿ. ನಾನು ಆ ಕಾರ್ಡಿನ ಚಿನ್ನದ ಅಂಚೇ ಶಾರ್ಟ್ ಮಾಡ್ತಿದೆ ಅಂದ್ಕೊಂಡು ಮೀಟರ್ ಇಟ್ಟು ನೋಡಿದೆ, ಇಲ್ಲ, ಚಿನ್ನ ಬರೀ ತೋರಿಕೆ. ಅಪ್ಪಂಗೆ ಫೋಟೋ ಕಳ್ಸಿದೆ. ಎರಡೇ ಮಾತು ವಾಪಸ್ ಬಂತು: "ಹಿಡಿ ಅಂಚು ಅರ ಹಾಕಿದ್ಯಾ?" ಹಾಕಿರ್ಲಿಲ್ಲ. ಎಬ್ಬಿಸಿ ಒತ್ತಿದಾಗ ತಗಡಿನ ಚೂಪು ಅಂಚು ಕಾರ್ಡು ಸೀಳಿಕೊಂಡು ಕಂಬಿಗೆ ಮುಟ್ಟಿತ್ತು. ಅರ ಹಾಕಿ ನುಣ್ಣಗೆ ಮಾಡಿದೆ, ಇನ್ನೊಂದು ಚೂರು ಕತ್ತರಿಸೋಕೆ ಹೋದ್ರೆ ಹೆಂಡತಿ ಬಂದು "ರೀ, ಅದ್ರಲ್ಲಿ ಗಣಪತಿ ಇದೆ, ಅದನ್ನ ಕತ್ತರಿಸ್ತಿದೀರಾ?" ಅಂತ ಕಿತ್ಕೊಂಡು ಹೋದ್ಲು. ಕೊನೆಗೆ ಚೀರಿಯೋಸ್ ಡಬ್ಬಿ ರಟ್ಟು ಹಾಕ್ದೆ. ಒಂದು ಕಾಲಕ್ಕೆ ಲಯೋನೆಲ್ ರೈಲು ಓಡಿಸಿದ ಕಂಪನಿ, ಈಗ ನನ್ನ ಗೇಟ್‌ಮ್ಯಾನ್‌ನ ಒಳಗೂ ಹೊರಗೂ ಓಡಿಸ್ತಿದೆ.

ಹಾಲಿನ ವ್ಯಾಗನ್ ಬಗ್ಗೆ ಬರೆದ್ರೆ ಇನ್ನೊಂದು ಪೋಸ್ಟ್ ಆಗುತ್ತೆ. ಅದಕ್ಕೆ ಐದು ಕಂಬಿ ಇರೋ ಸ್ಪೆಷಲ್ ತುಂಡು ಬೇಕು, ಬಟನ್ ಒತ್ತಿದ್ರೆ ಬಿಳಿ ಬಟ್ಟೆಯವನು ಕ್ಯಾನು ತಳ್ತಾನೆ, ನನ್ನವನು ಸ್ವಲ್ಪ ಜೋರಾಗಿ ತಳ್ತಾನೆ, ಐದು ಕ್ಯಾನಲ್ಲಿ ಈಗ ಮೂರಿದೆ.

ಮೊನ್ನೆ ಮತ್ತೆ ಕಾಲ್ ಮಾಡ್ದಾಗ ಓರೆ ದಾರೀಲಿ ರೈಲು ತಿರುಗಿಸಿ ತೋರಿಸ್ದೆ, ಬಲಕ್ಕೆ ಸುತ್ತುತ್ತಾ ಇದ್ದದ್ದು ಎಡಕ್ಕೆ ಸುತ್ತೋಕೆ ಶುರು ಮಾಡ್ತು, ಶಾರ್ಟೂ ಇಲ್ಲ ಗೀರ್ಟೂ ಇಲ್ಲ. ಅಪ್ಪ ಕನ್ನಡಕ ಏರಿಸ್ಕೊಂಡು ನೋಡಿದ್ರು. "ಸರಿ, ಈಗ ಮತ್ತೆ ಬಲಕ್ಕೆ ತಿರುಗ್ಬೇಕಲ್ಲ, ಹೆಂಗೆ?" ರಿವರ್ಸಲ್ಲಿ ವಾಪಸ್ ತಳ್ಬೇಕು ಅಂದೆ. "ಇಡೀ ಗಾಡಿ ಹಿಮ್ಮುಖ ತಳ್ತಾರೇನೋ? ಇನ್ನೊಂದು ಓರೆ ಹಾಕು." ಅದಕ್ಕೆ ಎರಡು ಓರೆ ಕೂಡೋ ಕಡೆ ಕ್ರಾಸಿಂಗ್ ಬೇಕು, ಇನ್ನೊಂದು ಜೋಡಿ 022 ಬೇಕು, ಎಂಟಡಿ ಹಲಗೆ ಸಾಲಲ್ಲ ಅಂದೆ. "ಹನ್ನೆರಡಡಿ ಮಾಡು" ಅಂದು ಫೋನ್ ಅಮ್ಮನ ಕೈಗೆ ಕೊಟ್ಬಿಟ್ರು.

ಹಲಗೆ ತರೋದು ದೊಡ್ಡದಲ್ಲ. ಆ ನಾಲ್ಕಡಿ ಜಾಗದಲ್ಲಿ ವಾಷಿಂಗ್ ಮೆಷಿನ್ ಇದೆ, ಅದನ್ನ ಪಕ್ಕಕ್ಕೆ ತಳ್ಬೋದಾ ಅಂತ ಮನೇಲಿ ಇನ್ನೂ ಕೇಳಿಲ್ಲ.