ದರೆಯ ಮೂರು ಬೆರಳಿನ ಮಿಂಚುಳ್ಳಿ

ಪನ್ವೇಲ್, ಜುಲೈ 14, 2024, ಭಾನುವಾರ

ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆ ಏಳಕ್ಕೆ ತುಸು ಹೊಳವಾಯಿತು. ಮುಂಬೈ ಬಳಿಯ ಕರ್ನಾಳಾ ಆಸುಪಾಸಿನ ಕಾಡಿನಲ್ಲಿ ಹಳ್ಳಗಳೆಲ್ಲ ಕೆಂಪು ನೀರು. ಮಿಂಚುಳ್ಳಿಯ ಕೊಕ್ಕಿನಲ್ಲಿ 7.20ಕ್ಕೆ ಒಂದು ಹಾವುರಾಣಿ, 7.45ಕ್ಕೆ ಸಣ್ಣ ಏಡಿ, 8.10ಕ್ಕೆ ಮತ್ತೆ ಹಾವುರಾಣಿ ಗೂಡಿಗೆ ಹೋದವು. ಎರಡು ಹಾವುರಾಣಿಗಳ ತಲೆಯೂ ಕೊಕ್ಕಿನಿಂದ ಹೊರಮುಖವಾಗಿತ್ತು. ನೋಡಬೇಕಾದದ್ದು ಇದನ್ನೇ. ತಾನು ನುಂಗುವುದಾದರೆ ಹಕ್ಕಿ ಬೇಟೆಯ ತಲೆಯನ್ನು ತನ್ನ ಗಂಟಲ ಕಡೆಗೆ ತಿರುಗಿಸಿಕೊಳ್ಳುತ್ತದೆ. ಮರಿಗೆ ಒಯ್ಯುವಾಗ ತಲೆ ಮುಂದಕ್ಕಿರುತ್ತದೆ, ಮರಿ ಅದನ್ನು ತಲೆಯಿಂದಲೇ ನುಂಗಲಿ ಎಂದು. ಹಾಗಾಗಿ ಮೊಟ್ಟೆ ಒಡೆದಿದೆ ಎಂದು ತಿಳಿಯಲು ಗೂಡಿನ ಬಾಯಿಗೆ ಟಾರ್ಚ್ ಹಾಕಬೇಕಿಲ್ಲ. ಇಪ್ಪತ್ತು ಹೆಜ್ಜೆ ದೂರದಿಂದ ಬೈನಾಕ್ಯುಲರ್ ಹಿಡಿದರೆ ಸಾಕು.

ಈ ಮಿಂಚುಳ್ಳಿಗೆ ಮರಾಠಿಯಲ್ಲಿ ತಿಬೋಟಿ ಖಂಡ್ಯಾ, ಅಂದರೆ ಮೂರು ಬೆರಳಿನ ಮಿಂಚುಳ್ಳಿ ಎಂದು ಹೆಸರು. ಹೆಸರೇ ಗುರುತು: ಮುಂದಕ್ಕೆ ಎರಡು ಬೆರಳು, ಅವೂ ಬುಡದಲ್ಲಿ ಅಂಟಿಕೊಂಡವು, ಹಿಂದಕ್ಕೆ ಒಂದು. ವೈಜ್ಞಾನಿಕ ಹೆಸರು ಸೀಯಿಕ್ಸ್ ಎರಿಥಾಕಾ. ಲಿನ್ನೇಯಸ್ 1758ರಲ್ಲೇ ಇದನ್ನು ದಾಖಲಿಸಿದ್ದ. ಉದ್ದ ಸುಮಾರು 13 ಸೆಂಟಿಮೀಟರ್, ಅದರಲ್ಲಿ ಕಾಲುಪಾಲು ಕೊಕ್ಕೇ. ಗುಬ್ಬಚ್ಚಿಗಿಂತ ಚಿಕ್ಕದು, ಗುಬ್ಬಚ್ಚಿಗಿಂತ ಹಗುರ. ಹವಳಗೆಂಪು ಕೊಕ್ಕು ಮತ್ತು ಕಾಲು, ಅರಿಸಿನ ಬಳಿದಂಥ ಎದೆ, ಕಿತ್ತಳೆಯ ಮೇಲೆ ನೇರಳೆ ಛಾಯೆ ಹೊದ್ದ ತಲೆ, ಹಣೆಯಲ್ಲಿ ಕಪ್ಪು ಬೊಟ್ಟು, ಕತ್ತಿನ ಪಕ್ಕದಲ್ಲಿ ಒಂದು ನೀಲಿ ಮತ್ತು ಒಂದು ಬಿಳಿ ಮಚ್ಚೆ. ಬೆನ್ನು ಮಾತ್ರ ಮೋಸ ಮಾಡುತ್ತದೆ. ಅಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿ ಹುಟ್ಟಿಸುತ್ತದೆ. ಮೋಡ ಕವಿದಾಗ ಬರೀ ಕಪ್ಪು, ಒಂದು ಬಿಸಿಲುಕೋಲು ಬಿದ್ದರೆ ಅದೇ ಬೆನ್ನು ಉರಿಯುವ ನೀಲಿ.

ಮಿಂಚುಳ್ಳಿ ಎಂದಕೂಡಲೇ ಎಲ್ಲರೂ ನೀರಿನ ಕಡೆ ನೋಡುತ್ತಾರೆ. ಇದನ್ನು ಹುಡುಕುವವರು ಹೆಚ್ಚಾಗಿ ತಪ್ಪುವುದೂ ಅಲ್ಲೇ. ಇದು ಮೀನನ್ನೇ ನಂಬಿದ ಹಕ್ಕಿಯಲ್ಲ, ಕಾಡಿನ ಒದ್ದೆ ನೆಲದ ಹಕ್ಕಿ. ಹಾವುರಾಣಿ, ಹಲ್ಲಿ, ಕಪ್ಪೆ, ಏಡಿ, ಜೇಡ, ಮಿಡತೆ, ಏರೋಪ್ಲೇನ್ ಚಿಟ್ಟೆ ಇದರ ಊಟ. ದಟ್ಟ ನೆರಳಿನಲ್ಲಿ, ನಮ್ಮ ಸೊಂಟದೆತ್ತರದ ಕೊಂಬೆಯ ಮೇಲೆ ಅಲುಗದೆ ಕೂರುತ್ತದೆ. ಆಗಾಗ ತಲೆ ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತದೆ, ಬಾಣದಂತೆ ತರಗೆಲೆಗೆ ಇಳಿದು ಎತ್ತಿಕೊಂಡು ಬರುತ್ತದೆ. ಹಾವುರಾಣಿಯಾದರೆ ಕೊಂಬೆಗೆ ಬಡಿದು ಬಡಿದು ಮೆತ್ತಗೆ ಮಾಡುತ್ತದೆ. ಬೇಟೆಗೆ ಬೇಕಾದದ್ದು ಕೊಳೆಯುವ ಎಲೆಯ ಹಾಸು. ಅದನ್ನು ಗುಡಿಸಿ ಸುಟ್ಟ ತೋಟದಲ್ಲಿ ಪಕ್ಕದಲ್ಲೇ ಹಳ್ಳ ಹರಿದರೂ ಇದು ನಿಲ್ಲುವುದಿಲ್ಲ. ಕಾಣುವ ಮೊದಲು ಕೇಳಿಸುವುದೇ ಹೆಚ್ಚು: ಹಾರುವಾಗ ತೆಳುವಾದ, ಚೂಪಾದ ಒಂದು ಸಿಳ್ಳೆ. ಆ ದನಿ ಹೋದ ದಿಕ್ಕಿಗೆ ಓಡಬಾರದು. ನಿಂತಲ್ಲೇ ನಿಂತರೆ ಹಕ್ಕಿ ಅದೇ ದಾರಿಯಲ್ಲಿ ವಾಪಸು ಬರುತ್ತದೆ.

ಕೊಂಕಣದಲ್ಲಿ ಇದರ ಸಂಸಾರ ಮಳೆಯ ಜೊತೆಗೇ ಶುರು. ಜೂನ್‌ನಲ್ಲಿ ಮಣ್ಣು ಮೆತ್ತಗಾದ ಮೇಲೆಯೇ ದರೆ ಕೊರೆಯಲು ಸಾಧ್ಯ. (ಮಲೆನಾಡು, ಕರಾವಳಿಯ ಈ 'ದರೆ' ಎಂಬ ಮಾತಿಗೆ ಸರಿಸಾಟಿ ಬೇರೆ ಸಿಗದು: ಕಡಿದು ನಿಂತ ಮಣ್ಣಿನ ಗೋಡೆ.) ಕೊಕ್ಕಿನಿಂದ ಕುಟ್ಟಿ, ಕಾಲಿನಿಂದ ಮಣ್ಣು ಹಿಂದಕ್ಕೆ ತಳ್ಳುತ್ತ, ಒಂದು ಮೀಟರ್‌ವರೆಗೂ ಉದ್ದದ ಸುರಂಗ ತೋಡುತ್ತವೆ. ಕೊನೆಯಲ್ಲಿ ಅಗಲವಾದ ಗೂಡುಕೋಣೆ, ಅದರಲ್ಲಿ ನಾಲ್ಕೈದು ಬಿಳಿ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೊಡುತ್ತವೆ. ಸುಮಾರು 17 ದಿನಕ್ಕೆ ಮರಿ, ಆಮೇಲೆ ಸುಮಾರು 20 ದಿನಕ್ಕೆ ಹಾರುತ್ತವೆ. ಮೊದಲ ಸಂಸಾರ ಕೆಟ್ಟರೆ ಇನ್ನೊಮ್ಮೆ ಮೊಟ್ಟೆ ಇಡುವುದುಂಟು.

ಕೆಡಲು ಕಾರಣಗಳು ಬೇಕಾದಷ್ಟು. ಮಳೆ ಕೈಕೊಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಅತಿಯಾದರೆ ದರೆಯೇ ಕುಸಿಯುತ್ತದೆ. ಹಾವು, ಉಡ ಒಳನುಗ್ಗುತ್ತವೆ. ಮುರ (ಕೆಂಪು ಗರಸು ಮಣ್ಣು) ತೆಗೆಯಲು, ದಾರಿ ಅಗಲ ಮಾಡಲು ಜೆಸಿಬಿ ಬಂದರೆ ಅಲ್ಲಿಗೆ ಮುಗಿಯಿತು. ಆ ಕೆಲಸವನ್ನು ಅಕ್ಟೋಬರ್‌ಗೆ ಮುಂದೂಡಿದರೆ ಒಂದಿಡೀ ಸಂಸಾರ ಉಳಿಯುತ್ತದೆ. ಇನ್ನು ಫೋಟೋ ತೆಗೆಯುವವರು. ಗೂಡಿನ ಎದುರಿನ ಬಳ್ಳಿ ಕತ್ತರಿಸಿ, ಚಂದದ ಕಡ್ಡಿಯೊಂದನ್ನು ನೆಟ್ಟು, ಹಕ್ಕಿ ಅದರ ಮೇಲೇ ಕೂರಲಿ ಎಂದು ಕಾಯುತ್ತಾರೆ. ಬಳ್ಳಿ ಹೋದರೆ ಗೂಡಿನ ಬಾಯಿ ಎಲ್ಲ ಕಣ್ಣಿಗೂ ಬೀಳುತ್ತದೆ, ಮಳೆಯ ಹೊಡೆತವೂ ನೇರ. ಬೇಟೆ ಕಚ್ಚಿಕೊಂಡ ಹಕ್ಕಿ ಒಳಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಸಿಳ್ಳೆ ಹಾಕುತ್ತಿದ್ದರೆ ನಾವು ತೀರಾ ಹತ್ತಿರ ಇದ್ದೇವೆ ಎಂದೇ ಅರ್ಥ. ತಕ್ಷಣ ಹಿಂದೆ ಸರಿಯಬೇಕು. ಕರೆಯ ರೆಕಾರ್ಡಿಂಗ್ ಹಾಕುವುದು, ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿಗೆ ಕಳಿಸುವುದು, ಎರಡೂ ಬೇಡವೇ ಬೇಡ.

ಡೊಂಬಿವಲಿ, ನೆರೂಲ್, ಥಾಣೆಯ ಕಡೆ ಇರುವವರಿಗೆ ಇನ್ನೊಂದು ಮಾತು. ಮಳೆಗಾಲದ ಆರಂಭದಲ್ಲೂ ಕೊನೆಯಲ್ಲೂ ಈ ಹಕ್ಕಿ ರಾತ್ರಿ ಪಯಣಿಸುತ್ತದೆ, ಕಟ್ಟಡದ ಗಾಜಿಗೆ ಬಡಿದು ಬಾಲ್ಕನಿಯಲ್ಲಿ ಬೀಳುತ್ತದೆ. ಸಿಕ್ಕರೆ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ತಳಕ್ಕೆ ಬಟ್ಟೆ ಹಾಸಿ, ಮುಚ್ಚಿ ಕತ್ತಲಲ್ಲಿಡಿ. ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಅನ್ನ, ಬ್ರೆಡ್ಡು ಕೊಡಬೇಡಿ. ಒಂದೆರಡು ತಾಸಿನಲ್ಲಿ ಚೇತರಿಸಿಕೊಂಡರೆ ಹತ್ತಿರದ ಮರಗಳಿರುವ ಕಡೆ ಪೆಟ್ಟಿಗೆ ತೆರೆಯಿರಿ. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಇವತ್ತಿನ ಗೂಡಿನ ಮರಿಗಳು ಆಗಸ್ಟ್ ಮೊದಲ ವಾರದ ಹೊತ್ತಿಗೆ ಹೊರಬರಬೇಕು. ಎಳೆಯವಕ್ಕೆ ಎದೆ ಮಾಸಲು ಬಿಳಿ, ಕೊಕ್ಕು ಮಂಕು ಕಿತ್ತಳೆ. ಅಲ್ಲಿಯವರೆಗೆ ಗೂಡಿನ ಕಡೆಯ ಕಾಲುದಾರಿಗೆ ಇಳಿಯುವುದಿಲ್ಲ. ಮೇಲಿನ ತಿರುವಿನಿಂದಲೇ ನೋಡಿ ಬರೆದುಕೊಳ್ಳುವುದು.